ಯಂತ್ರಗಳ ಬಾಡಿಗೆಯಲ್ಲಿ ಸರದಿಯ ನಿಗದಿ

ತುಮಕೂರು ಜಿಲ್ಲೆಯಲ್ಲಿ ಜುಲೈ ತಿಂಗಳಲ್ಲಿ ಬಿತ್ತಿದ ರಾಗಿಯು ಸಾಧಾರಣವಾಗಿ ನವೆಂಬರ್ ತಿಂಗಳಲ್ಲಿ ಕೊಯ್ಲಿಗೆ ಬರುವುದೆಂಬುದು ಬೇಸಾಯಗಾರರೆಲ್ಲರಿಗೂ ವಿದಿತವಾದ ವಿಷಯವೇ ಆಗಿದೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹೊಲಗಳು ಹೆಚ್ಚುಕಡಿಮೆ ಒಂದೇ ಪಕ್ಷದೊಳಗೆ ಮಾಗುವುವು. ಕೂಲಿಯಾಳುಗಳು ಆ ಸಮಯಕ್ಕೆ ದೊರೆಯುವುದು ದುರ್ಲಭ. ಆದಕಾರಣ ಕೊಯ್ಲಿನ ಯಂತ್ರವನ್ನು ಎಲ್ಲರೂ ಒಂದೇ ವಾರದಲ್ಲಿ ಬಯಸುವರು. 2021ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಬಿಡದೆ ಸುರಿದ ಮಳೆಯಿಂದ ರಾಜ್ಯದ ದಕ್ಷಿಣ ಜಿಲ್ಲೆಗಳಲ್ಲಿ ಮಾಗಿ ನಿಂತಿದ್ದ ರಾಗಿಯು ನೆಲಕ್ಕೊರಗಿ ನಷ್ಟವಾದುದನ್ನು ಯಾರೂ ಮರೆತಿರಲಾರರು. ಇಂಥ ಕಾಲದಲ್ಲಿ ಯಂತ್ರದ ಸರದಿಯು ಎರಡು ದಿನ ಹಿಂದುಮುಂದಾಗುವುದೆಂದರೆ ಒಂದು ಮನೆಯ ವರುಷದ ಅನ್ನವೇ ಹಿಂದುಮುಂದಾಗುವುದೆಂದು ತಿಳಿಯತಕ್ಕದ್ದು.

2014-15ನೆಯ ಸಾಲಿನಿಂದ ಕೃಷಿ ಯಂತ್ರಧಾರೆ ಯೋಜನೆಯ ಬಾಡಿಗೆ ಕೇಂದ್ರಗಳು ರಾಜ್ಯದ ಹೋಬಳಿಗಳಲ್ಲಿ ಸ್ಥಾಪಿತವಾದುವು. ಖಾಸಗಿಯಾಗಿ ಯಂತ್ರಗಳನ್ನಿಟ್ಟು ಬಾಡಿಗೆಗೆ ಕೊಡುವ ಚಿಕ್ಕ ತಂಡಗಳೂ ಬಹಳವಾಗಿವೆ. ಇವುಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಂದಿಗಿಂತ ಹೆಚ್ಚು ಜನರಿರುವುದಿಲ್ಲ. ಈ ತಂಡಗಳು ಈಚೆಗೆ ಅಂತರ್ಜಾಲದ ಮೂಲಕ ಸರದಿಯನ್ನು ಗೊತ್ತುಮಾಡುವ ತಂತ್ರಾಂಶಗಳ ಕಡೆಗೆ ಮನಸ್ಸು ಮಾಡುತ್ತಿರುವುದು ಸಂತೋಷದ ಸಂಗತಿ. ರೈತನು ಕೆಲಸ ಬಿಟ್ಟು ಕಚೇರಿಯ ಬಾಗಿಲಲ್ಲಿ ಕಾಯಬೇಕಾಗಿಲ್ಲ. ಯಾವ ದಿನ ತೆರಪಿದೆಯೆಂಬುದು ಎಲ್ಲರ ಕಣ್ಣಿಗೂ ಒಂದೇ ತೆರನಾಗಿ ಕಾಣುವುದು. ಶಿಫಾರಸಿನವರಿಗೆ ಎಡೆ ಕಡಿಮೆಯಾಗುವುದು. ಆದರೆ ತಂತ್ರಾಂಶವನ್ನು ಮೊಬೈಲಿಗೆ ಇಳಿಸಿದ ಮಾತ್ರಕ್ಕೆ ಇಷ್ಟೆಲ್ಲವೂ ತಾನಾಗಿಯೇ ಕೈಗೂಡುವುದೆಂಬ ನಂಬಿಕೆಯು ಸರಿಯಲ್ಲ.

ಮೊದಲನೆಯದಾಗಿ, ಸರದಿಯ ಪುಸ್ತಕವು ಒಂದೇ ಆಗಿರಬೇಕು. ಚಾಲಕನು ದೂರವಾಣಿಯಲ್ಲಿ ಒಬ್ಬರಿಗೆ ಮಾತು ಕೊಡುವುದು, ಲೆಕ್ಕದವನು ಕಾಗದದಲ್ಲಿ ಇನ್ನೊಬ್ಬರ ಹೆಸರನ್ನು ಬರೆಯುವುದು, ಯಜಮಾನನು ವಾಟ್ಸಾಪಿನಲ್ಲಿ ಮತ್ತೊಬ್ಬರಿಗೆ ಆಗಲೆನ್ನುವುದು, ಇವುಗಳ ನಡುವೆ ತಂತ್ರಾಂಶವು ತನ್ನ ಪಾಡಿಗೆ ನಾಲ್ಕನೆಯವರಿಗೆ ಅದೇ ದಿನವನ್ನು ಕೊಡುವುದು: ಹೀಗಾದಲ್ಲಿ ಹಿಂದಿನ ಗೊಂದಲಕ್ಕೆ ಇನ್ನೊಂದು ಗೊಂದಲವು ಸೇರಿದಂತಾಯಿತೇ ಹೊರತು ಬೇರೇನೂ ಆಗಲಿಲ್ಲ. ನಮ್ಮ ಕೆರೆಗಳ ಕೆಳಗೆ ನೀರು ಬಿಡುವ ಅಧಿಕಾರವು ನೀರುಗಂಟಿಗೆ ಮಾತ್ರ ಇದ್ದುದರ ಮರ್ಮವೂ ಇದೇ. ತೂಬನ್ನು ನಾಲ್ಕು ಜನ ಎತ್ತಿದರೆ ಕೆರೆಯು ಯಾರಿಗೂ ಒದಗದು. ಆದುದರಿಂದ ಮಾತು ಯಾರ ಬಾಯಿಂದ ಬಂದರೂ ಅದು ಆ ಒಂದೇ ಪುಸ್ತಕದಲ್ಲಿ ದಾಖಲಾದ ಮೇಲೆಯೇ ಸರದಿಯೆನಿಸಿಕೊಳ್ಳಬೇಕು. ಯಜಮಾನನ ಸ್ವಂತ ಹೊಲಕ್ಕೂ ಇದೇ ನಿಯಮ. ಇದನ್ನು ಹೇಳುವುದು ಸುಲಭವೆಂಬುದೂ ನಡೆಸುವುದು ಕಷ್ಟವೆಂಬುದೂ ಬಲ್ಲವರಿಗೆ ಗೊತ್ತು.

ಎರಡನೆಯದಾಗಿ, ತಂತ್ರಾಂಶಕ್ಕೆ ಗಡಿಯಾರವು ತಿಳಿಯುವುದು, ಹೊಲವು ತಿಳಿಯದು. ಪೇಟೆಯ ಕ್ಷೌರದಂಗಡಿಗೋ ದಂತವೈದ್ಯರ ಶಾಲೆಗೋ ಹೊಂದುವಂತೆ ಅರ್ಧ ಗಂಟೆಗೊಂದರಂತೆ ಸರದಿಯನ್ನು ಕತ್ತರಿಸಿಟ್ಟರೆ ಬೇಸಾಯದಲ್ಲಿ ಅದು ನಡೆಯದು. ಮುಂಜಾನೆಯ ಇಬ್ಬನಿಯು ಆರುವವರೆಗೆ ರಾಗಿಯ ತೆನೆಯು ಒದ್ದೆಯಾಗಿಯೇ ಇರುವುದರಿಂದ ಬೆಳಗಿನ ಏಳು ಗಂಟೆಯ ಸರದಿಯು ಹೆಸರಿಗೆ ಮಾತ್ರ ಸರದಿ. ಗುಬ್ಬಿಯ ಉತ್ತರಕ್ಕಿರುವ ಚೇಳೂರಿನಲ್ಲಿ ಬೆಳಿಗ್ಗೆ ಕೆಲಸ ಮುಗಿಸಿ ದಕ್ಷಿಣದ ಸಿ.ಎಸ್.ಪುರಕ್ಕೆ ಮಧ್ಯಾಹ್ನ ಹೊರಟ ಯಂತ್ರವು ಸಂಜೆಯನ್ನೆಲ್ಲಾ ರಸ್ತೆಯಲ್ಲಿಯೇ ಕಳೆಯುವುದು. ಕುಣಿಗಲ್ ತಾಲ್ಲೂಕಿನಲ್ಲಿ ಹುಲಿಯೂರುದುರ್ಗದ ದಿಕ್ಕೇ ಬೇರೆ, ಎಡೆಯೂರಿನ ದಿಕ್ಕೇ ಬೇರೆ. ಹೀಗಿರುವುದರಿಂದ ಇಂತಿಂಥ ದಿನ ಇಂತಿಂಥ ಹೋಬಳಿಗೆಂದು ಮೊದಲೇ ವಿಂಗಡಿಸಿ, ಆಯಾ ದಿನದಲ್ಲಿ ಆಯಾ ಕಡೆಯವರಿಗೆ ಮಾತ್ರವೇ ಸರದಿಯನ್ನು ತೆರೆದಿಡುವುದು ಉತ್ತಮ. ಎರಡು ಸರದಿಗಳ ನಡುವೆ ಬಿಡುವು, ದಿನಕ್ಕೆ ಇಷ್ಟೇ ಸರದಿಯೆಂಬ ಮಿತಿ, ಎಷ್ಟು ದಿನ ಮುಂಚಿತವಾಗಿ ಗೊತ್ತುಮಾಡಬಹುದೆಂಬ ಕಟ್ಟಳೆ, ಇವು ಗೂಗಲ್ ಕ್ಯಾಲೆಂಡರ್ ಮುಂತಾದವುಗಳಲ್ಲಿ ಈಗಲೇ ಇವೆ, ತುಂಬುವವರು ಬೇಕಷ್ಟೆ. ಯಂತ್ರವೊಂದು, ಚಾಲಕನೊಬ್ಬ, ಎರಡೂ ತೆರಪಿದ್ದರೆ ಮಾತ್ರ ಆ ಸರದಿಯು ತೆರೆಯುವಂತೆ ಏರ್ಪಡಿಸಬೇಕು. ಎರಡು ಟ್ರಾಕ್ಟರು, ಒಬ್ಬ ಚಾಲಕ ಇರುವಲ್ಲಿ ಎರಡು ಸರದಿಗಳನ್ನು ತೋರಿಸುವುದು ಸುಳ್ಳು ಹೇಳಿದಂತೆಯೇ ಸರಿ.

ಗೊತ್ತುಮಾಡಿಕೊಳ್ಳುವ ರೈತನನ್ನು ಕೇಳತಕ್ಕ ಪ್ರಶ್ನೆಗಳು ಸ್ವಲ್ಪವೇ ಇರಲಿ. ಹೆಸರು, ಊರು, ದೂರವಾಣಿ, ಬೆಳೆ, ಎಕರೆ, ಹೊಲದವರೆಗೆ ಯಂತ್ರವು ಹೋಗುವ ದಾರಿಯಿದೆಯೇ ಇಲ್ಲವೇ ಎಂಬುದು, ಇಷ್ಟು ಸಾಕು. ದಾರಿಯ ಪ್ರಶ್ನೆಯನ್ನು ಬಿಟ್ಟು ಆಧಾರ್ ಸಂಖ್ಯೆಯನ್ನು ಕೇಳುವವರು ತಮಗೆ ಬೇಕಾದುದೇನೆಂಬುದನ್ನು ಯೋಚಿಸಿದವರಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಚಾರ. ತುಮಕೂರು ನಗರದಲ್ಲಿಯೋ ಬೆಂಗಳೂರಿನಲ್ಲಿಯೋ ವಾಸವಾಗಿದ್ದು ಗುಬ್ಬಿಯ ಕಡೆ ಹೊಲವನ್ನಿಟ್ಟುಕೊಂಡಿರುವ ಗೃಹಸ್ಥರು ರಾತ್ರಿ ಹತ್ತು ಗಂಟೆಗೆ ಕುಳಿತಲ್ಲಿಯೇ ಬೆರಳಾಡಿಸಿ ಒಳ್ಳೆಯ ದಿನಗಳನ್ನೆಲ್ಲಾ ತಮ್ಮದಾಗಿಸಿಕೊಳ್ಳಬಲ್ಲರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಒಂದೂವರೆ ಎಕರೆಯಲ್ಲಿ ರಾಗಿ ಬೆಳೆದು, ಮನೆಯಲ್ಲಿ ಕೀಲಿಮಣೆಯ ಹಳೆಯ ಫೋನು ಮಾತ್ರವಿರುವ ವಿಧವೆಯು ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ನಡೆದು ಬರುವ ವೇಳೆಗೆ ಆ ವಾರವು ಮುಗಿದೇ ಹೋಗಿರುವುದು. ಅಂತರ್ಜಾಲವು ಶಿಫಾರಸನ್ನು ತಪ್ಪಿಸಿತೆಂದು ಹೇಳುವವರು ಈ ಹೊಸ ಬಗೆಯ ಮುಂದಾಳುತನವನ್ನೂ ಗಮನಿಸಬೇಕು. ಕೊಯ್ಲಿನ ಹಂಗಾಮಿನ ಮಟ್ಟಿಗಾದರೂ ಸರದಿಗಳಲ್ಲಿ ಅರ್ಧವನ್ನು ಅಂತರ್ಜಾಲಕ್ಕೆ ತೆರೆಯದೆ, ನೇರವಾಗಿ ಬಂದವರಿಗೂ ದೂರವಾಣಿಯಲ್ಲಿ ಕೇಳಿದವರಿಗೂ ಮೀಸಲಾಗಿಟ್ಟು, ಕೇಂದ್ರದವರೇ ಅವನ್ನು ಅದೇ ಪುಸ್ತಕದಲ್ಲಿ ತುಂಬುವುದು ನ್ಯಾಯವಾದುದು. ಒಬ್ಬರ ಹೆಸರಿನಲ್ಲಿ ಏಕಕಾಲಕ್ಕೆ ಒಂದು ಸರದಿಗಿಂತ ಹೆಚ್ಚು ನಿಲ್ಲಕೂಡದು. ಇದರಿಂದ ಕೆಲವು ಗಂಟೆಗಳು ಖಾಲಿ ಉಳಿದು ಬಾಡಿಗೆಯು ಕಡಿಮೆಯಾಗುವುದೆಂದು ಆಕ್ಷೇಪಿಸುವವರುಂಟು. ಹಿಂದಿನ ಸಂಜೆಯವರೆಗೆ ತುಂಬದೆ ಉಳಿದುದನ್ನು ಎಲ್ಲರಿಗೂ ತೆರೆದುಬಿಟ್ಟರೆ ಆ ಆಕ್ಷೇಪಣೆಯು ನಿಲ್ಲಲಾರದು.

ಮಳೆಯ ವಿಚಾರವೊಂದು ಉಳಿದಿದೆ. ಮಳೆಯಿಂದ ತಪ್ಪಿದ ಸರದಿಯವರು ಸಾಲಿನ ಕೊನೆಗೆ ಹೋಗತಕ್ಕದ್ದೋ, ಅಥವಾ ಇಡೀ ಸಾಲೇ ಒಂದು ದಿನ ಹಿಂದಕ್ಕೆ ಸರಿಯತಕ್ಕದ್ದೋ ಎಂಬುದನ್ನು ಮೋಡ ಕಾಣುವುದಕ್ಕೆ ಮೊದಲೇ ಬರೆದು ಕೇಂದ್ರದ ಗೋಡೆಗೂ ತಂತ್ರಾಂಶದ ಮೊದಲ ಪುಟಕ್ಕೂ ಹಚ್ಚಬೇಕು. ಸಾಲೇ ಸರಿಯುವುದು ಮೇಲು. ತಪ್ಪಿಲ್ಲದವರಿಗೆ ದಂಡ ಬೀಳುವುದಿಲ್ಲ. ಸರಿದ ಸುದ್ದಿಯು ಸಂದೇಶವಾಗಿ ಎಲ್ಲರಿಗೂ ತಾನಾಗಿ ಹೋಗುವಂತೆ ಮಾಡುವುದಕ್ಕೆ ತಂತ್ರಾಂಶವು ನಿಜವಾಗಿ ಉಪಯುಕ್ತ. ಸಂದೇಶವನ್ನು ಓದಲಾರದವರಿಗೆ ಕೇಂದ್ರದಿಂದಲೇ ಕರೆ ಹೋಗಲಿ.

ಇವೆಲ್ಲವನ್ನೂ ನವೆಂಬರಿನ ನೂಕುನುಗ್ಗಲಿನಲ್ಲಿ ಪ್ರಾರಂಭಿಸತಕ್ಕದ್ದಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ತೆಂಗಿನ ತೋಟಗಳ ಉಳುಮೆಗೆ ಒಂದು ಟ್ರಾಕ್ಟರನ್ನು ಮಾತ್ರ ಈ ವಿಧದಲ್ಲಿ ಸರದಿಗಿಟ್ಟು, ನಾಲ್ಕು ವಾರ ನಡೆಸಿ, ಚಾಲಕರು ಹೇಳುವ ದೂರುಗಳನ್ನು ಕೇಳಿ ತಿದ್ದಿಕೊಂಡು, ಅನಂತರ ಕೊಯ್ಲಿನ ಯಂತ್ರವನ್ನು ಸೇರಿಸುವ ಕೇಂದ್ರಗಳಿಗೆ ಒಂದು ತಿಂಗಳ ಕಾಲಾವಕಾಶವು ಉಳಿದಿರುವುದು.