ಬರ ಮುಗಿಲಿನದು, ವಿಪತ್ತು ಮನುಷ್ಯರದು

2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಮಹಾಪೂರಕ್ಕೆ ಸಾಂಗಲಿ ನಗರ ಮುಳುಗಿದಾಗ, ಅದೇ ಜಿಲ್ಲೆಯ ಪೂರ್ವದಂಚಿನ ಜತ್ತ ತಾಲ್ಲೂಕಿನ ನಾವು ಟ್ಯಾಂಕರ್ ನೀರಿಗಾಗಿ ಕಾಯುತ್ತಿದ್ದೆವು.

ಮಳೆಯ ಕೊರತೆ ಪ್ರಕೃತಿ ಒಡ್ಡುವ ಅಪಾಯ ಮಾತ್ರ. ಅದು ವಿಪತ್ತಾಗುವುದಕ್ಕೆ ಇನ್ನೆರಡು ಕಾರಣಗಳಿವೆ. ಮೊದಲನೆಯದು, ಅಪಾಯಕ್ಕೆ ನಾವು ತೆರೆದುಕೊಂಡಿರುವ ಬಗೆ. ಇಲ್ಲಿಯ ಬೇಸಾಯ ಬಹುಪಾಲು ಮಳೆಯಾಶ್ರಿತ. ಮ್ಹೈಸಾಳ ಏತ ನೀರಾವರಿಯು ಕೃಷ್ಣೆಯ ನೀರನ್ನು ಮೇಲೆತ್ತಿದರೂ ಗಡಿಭಾಗದ ಹಲವು ಹಳ್ಳಿಗಳು ದಶಕಗಳ ಕಾಲ ಯೋಜನೆಯ ಹೊರಗೇ ಉಳಿದವು. 2022ರ ಕೊನೆಯಲ್ಲಿ ಆ ಹಳ್ಳಿಗಳು ಕರ್ನಾಟಕ ಸೇರುವ ಮಾತೆತ್ತಿದ ಬಳಿಕವೇ ವಿಸ್ತರಣೆಗೆ ವೇಗ ದೊರೆಯಿತು.

ಎರಡನೆಯದು, ತಾಳಿಕೊಳ್ಳುವ ಶಕ್ತಿಯ ಕೊರತೆ. ಬೆಳೆ ಒಣಗಿದರೆ ಕುಟುಂಬಗಳು ಕಬ್ಬು ಕಡಿಯಲು ಗುಳೆ ಹೋಗುತ್ತವೆ. ನಮ್ಮ ತರಗತಿಗಳು ತೆರವಾಗುತ್ತವೆ. ಬೆಳೆವಿಮೆ, ಪರಿಹಾರಗಳ ಆದೇಶಗಳು ಮರಾಠಿಯಲ್ಲಿರುತ್ತವೆ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು ಅವನ್ನು ಪರರಿಂದ ಓದಿಸಿಕೊಳ್ಳುವಷ್ಟರಲ್ಲಿ ಅರ್ಜಿಯ ಗಡುವು ಮೀರಿರಬಹುದು.

ಮಳೆಯನ್ನು ಯಾವ ಸರಕಾರವೂ ತರಲಾರದು. ಆದರೆ ಕಾಲುವೆಯನ್ನು ಕೊನೆಯ ಹಳ್ಳಿಗೆ ತಲುಪಿಸುವುದು, ಗುಳೆ ಹೋದವರ ಮಕ್ಕಳಿಗೆ ಊರಿನಲ್ಲೇ ವಸತಿ ಕಲ್ಪಿಸುವುದು, ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲೂ ಪ್ರಕಟಣೆ ಹಾಕುವುದು ಸಾಧ್ಯವಿದೆ. ನಾವು ಯಾವ ರಾಜ್ಯದಲ್ಲಿರಬೇಕೆಂಬ ವಾದ ನಡೆಯಲಿ. ಮುಂದಿನ ಬರ ಅದರ ತೀರ್ಪಿಗಾಗಿ ಕಾಯುವುದಿಲ್ಲ.