ಏಳು ಹುಡುಗರು ಕಟ್ಟಿದ ಸಂಘ

ಅಮೆರಿಕದ ಕಾಲೇಜು ಊರುಗಳಲ್ಲಿ ಕೆಲವು ದೊಡ್ಡ ಮನೆಗಳ ಹಣೆಯ ಮೇಲೆ ಎರಡೋ ಮೂರೋ ಗ್ರೀಕ್ ಅಕ್ಷರಗಳಿರುತ್ತವೆ. ಅವು ‘ಫ್ರೆಟರ್ನಿಟಿ’ ಎಂಬ ವಿದ್ಯಾರ್ಥಿ ಸಂಘಗಳ ಮನೆಗಳು. ಕನ್ನಡದಲ್ಲಿ ಭ್ರಾತೃಸಂಘ ಎನ್ನಬಹುದು. ಗ್ರೀಕ್ ಅಕ್ಷರಗಳ ಹೆಸರು ಹೊತ್ತ ಮೊದಲ ಸಂಘ ‘ಫೈ ಬೀಟಾ ಕಾಪಾ’ 1776ರಲ್ಲಿ ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿತು. ಮುಂದೆ ಇಂಥ ಸಂಘಗಳು ಎಲ್ಲೆಡೆ ಬೆಳೆದವು. ಸೇರಿದವರಿಗೆ ಇರಲು ಮನೆ, ಓದಲು ಜೊತೆ, ನೌಕರಿಗೆ ಹಿರಿಯರ ಶಿಫಾರಸು. ಆದರೆ ಬಹುಕಾಲ ಇವುಗಳಲ್ಲಿ ಹೆಚ್ಚಿನವುಗಳ ಬಾಗಿಲು ಬಿಳಿಯರಿಗಷ್ಟೇ ತೆರೆದಿತ್ತು.

ನ್ಯೂಯಾರ್ಕ್ ರಾಜ್ಯದ ಇಥಾಕ ಊರಿನ ಕಾರ್ನೆಲ್ ವಿಶ್ವವಿದ್ಯಾಲಯ ಕಪ್ಪು ವರ್ಣದ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳುತ್ತಿತ್ತು. ಆದರೂ 1904-05ರಲ್ಲಿ ಅಲ್ಲಿದ್ದ ಅಂಥ ಆರು ಮಂದಿ ಮರುವರ್ಷ ಹಿಂತಿರುಗಲಿಲ್ಲ. ತರಗತಿಯಲ್ಲಿ ಜಾಗ ಸಿಕ್ಕಿದರೂ ತರಗತಿಯ ಆಚೆ ಅವರಿಗೆ ತಮ್ಮವರೆನ್ನುವವರಿರಲಿಲ್ಲ.

ಉಳಿದವರು ಎಚ್ಚೆತ್ತರು. 1905-06ರಲ್ಲಿ ಒಟ್ಟಿಗೆ ಕೂತು ಓದುವ, ಚರ್ಚಿಸುವ ಸಣ್ಣ ಕೂಟವೊಂದು ನಡೆಯಿತು. ಇದು ಸಾಹಿತ್ಯ ಕೂಟವಾಗಿಯೇ ಇರಲಿ ಎಂದರು ಕೆಲವರು. ಭ್ರಾತೃಸಂಘವೇ ಆಗಬೇಕು ಎಂದರು ಇನ್ನು ಕೆಲವರು. ಕೊನೆಗೆ 1906ರ ಡಿಸೆಂಬರ್ 4ರಂದು ಏಳು ಹುಡುಗರು ‘ಆಲ್ಫಾ ಫೈ ಆಲ್ಫಾ’ ಸಂಘವನ್ನು ಕಟ್ಟಿದರು. ಇವರಲ್ಲಿ ಕೆಲವರು ಓದಿನ ಖರ್ಚಿಗಾಗಿ ಬಿಳಿಯರ ಭ್ರಾತೃಸಂಘದ ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಸದಸ್ಯತ್ವ ಸಿಗದ ಮನೆಯಲ್ಲಿ ದುಡಿಯುತ್ತಲೇ ಸಂಘವೆಂದರೇನು ಎಂಬುದನ್ನು ಹತ್ತಿರದಿಂದ ಕಂಡವರು ಅವರು.

ಏಳು ಮಂದಿಯ ಮುಂದಿನ ಬಾಳು ಸಂಘದ ಗುಣವನ್ನು ಹೇಳುತ್ತದೆ. ವರ್ಟ್ನರ್ ಟ್ಯಾಂಡಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿ ಪಡೆದ ಮೊದಲ ಕಪ್ಪು ವರ್ಣದ ವಾಸ್ತುಶಿಲ್ಪಿಯಾದರು. ಹೆನ್ರಿ ಕ್ಯಾಲಿಸ್ ವೈದ್ಯರಾದರು. ಯೂಜೀನ್ ಕಿಂಕಲ್ ಜೋನ್ಸ್ ಕಪ್ಪುಜನರ ಉದ್ಯೋಗ, ವಸತಿಗಾಗಿ ದುಡಿದ ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಯನ್ನು ವರ್ಷಗಟ್ಟಲೆ ನಡೆಸಿದರು. ಹೈಸ್ಕೂಲಿಗೆ ಹೋಗಿ, ಕಾಲೇಜಿಗೆ ಹೋಗಿ ಎಂದು ತಮ್ಮ ಜನರ ಮಕ್ಕಳಿಗೆ ಸಾರುವ ಚಳವಳಿಯನ್ನೂ ಸಂಘ ಕೈಗೊಂಡಿತು. ತಮ್ಮನ್ನು ಹೊರಗಿಟ್ಟವರ ದಾರಿಯನ್ನು ಹಿಡಿಯದೆ, 1945ರಲ್ಲಿ ಎಲ್ಲ ವರ್ಣದವರಿಗೂ ಬಾಗಿಲು ತೆರೆಯಿತು.

ಮಾರ್ಟಿನ್ ಲೂಥರ್ ಕಿಂಗ್ 1952ರಲ್ಲಿ, ಬಾಸ್ಟನ್ನಿನಲ್ಲಿ ಓದುತ್ತಿದ್ದಾಗ ಈ ಸಂಘ ಸೇರಿದರು. ಗಾಂಧೀಜಿಯ ನಾಡನ್ನು ನೋಡಲು 1959ರಲ್ಲಿ ಭಾರತಕ್ಕೆ ಬಂದುಹೋದವರು ಇವರೇ. ವಾಷಿಂಗ್ಟನ್‌ನಲ್ಲಿ ಅವರ ಸ್ಮಾರಕವಾಗಬೇಕೆಂದು 1984ರಲ್ಲಿ ಈ ಸಂಘ ಹೊರಟಿತು. 1996ರಲ್ಲಿ ಕಾಂಗ್ರೆಸ್ಸಿನ ಒಪ್ಪಿಗೆ ಸಿಕ್ಕಿತು. 2011ರಲ್ಲಿ ಸ್ಮಾರಕ ತೆರೆಯಿತು. ಇಪ್ಪತ್ತೇಳು ವರ್ಷ ಬೆನ್ನು ಬಿಡದೆ ಮಾಡಿದ ಕೆಲಸ!

ಆದರೆ ಕಥೆಗೆ ಇನ್ನೊಂದು ಮುಖವೂ ಇದೆ. ಹೊಸಬರನ್ನು ‘ಪರೀಕ್ಷಿಸುವ’ ಹೆಸರಿನಲ್ಲಿ ಹೊಡೆಯುವುದು, ಅವಮಾನಿಸುವುದು ಅಮೆರಿಕದ ಭ್ರಾತೃಸಂಘಗಳಿಗೆ ಅಂಟಿದ ಹಳೆಯ ರೋಗ. ಅಲ್ಲಿ ಅದಕ್ಕೆ ‘ಹೇಜಿಂಗ್’ ಎನ್ನುತ್ತಾರೆ. ನಮ್ಮ ರ‍್ಯಾಗಿಂಗಿನ ಅಣ್ಣ. ಈ ಸಂಘವೂ ಅದರಿಂದ ಪಾರಾಗಲಿಲ್ಲ. 1989ರಲ್ಲಿ ಅಟ್ಲಾಂಟದ ಮೋರ್‌ಹೌಸ್ ಕಾಲೇಜಿನಲ್ಲಿ ಇದನ್ನು ಸೇರಬಯಸಿದ್ದ ವಿದ್ಯಾರ್ಥಿಯೊಬ್ಬ ಅಂಥ ಕೂಟವೊಂದರಲ್ಲಿ ಕುಸಿದುಬಿದ್ದು ತೀರಿಕೊಂಡ. 1990ರಲ್ಲಿ ಕಪ್ಪುಜನರ ಗ್ರೀಕ್ ಅಕ್ಷರದ ಸಂಘಗಳು ಸೇರಿ ಹಳೆಯ ಸೇರ್ಪಡೆ ಪದ್ಧತಿಯನ್ನೇ ಕೈಬಿಡಲು ನಿರ್ಧರಿಸಿದವು. ಗುಟ್ಟಾಗಿ ನಡೆಯುವುದು ಅಲ್ಲಿಗೆ ನಿಲ್ಲಲಿಲ್ಲ. ಇಂಥ ಪ್ರಕರಣಗಳನ್ನು ಕಾಲೇಜುಗಳು ಬಹಿರಂಗಪಡಿಸಲೇಬೇಕೆಂಬ ಕಾನೂನು 2024ರ ಡಿಸೆಂಬರಿನಲ್ಲಿ ಬಂತು.

ಒಂಟಿ ಹುಡುಗ ಓದು ಬಿಟ್ಟು ಊರಿಗೆ ಹೋಗದಿರಲಿ ಎಂದು ಹುಟ್ಟಿದ ಸಂಘ ಇದು. ಆ ಹುಡುಗನನ್ನೇ ಬೆದರಿಸುವವರು ಎಷ್ಟೇ ಚೆಂದದ ಬಿಲ್ಲೆ ಧರಿಸಿದರೂ ಏಳು ಮಂದಿಯ ವಾರಸುದಾರರಲ್ಲ. ಮಕ್ಕಳು ದೂರದ ಕಾಲೇಜಿಗೆ ಹೋಗಿ ‘ಒಂದು ಗುಂಪು ಸೇರಿದೆ’ ಎಂದಾಗ ತಂದೆತಾಯಿ ಗಾಬರಿಯಾಗಬೇಕಿಲ್ಲ. ಕಳೆದ ವರ್ಷ ಸೇರಿದ ಹುಡುಗರು ಈಗ ಹೇಗಿದ್ದಾರೆ ಎಂದು ಮಾತ್ರ ಕೇಳಲಿ.