ಅಜ್ಜಿಯ ಮಾತಿಗೆ ಪಿಟ್ಸ್‌ಬರ್ಗ್‌ನ ಅಳತೆಗೋಲು ಬೇಡ

ಒಂದು ನಿಮಿಷದ ಮಾತು ಕೇಳಿ ಮರೆಗುಳಿತನ ಪತ್ತೆ ಹಚ್ಚುವ ಆ್ಯಪ್, ತಲೆಗೆ ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಟೋಪಿ ತೊಡಿಸಿ ಕೆಲವೇ ನಿಮಿಷಗಳಲ್ಲಿ ನೆನಪಿನ ಶಕ್ತಿ ಅಳೆಯುವ ಸಾಧನ. ಇವು ಕೂಡಲೇ ನಮ್ಮ ಆರೋಗ್ಯ ಕೇಂದ್ರಗಳಿಗೆ ಬರಲಿ ಎಂಬ ಆಸೆ ಸಹಜ. ಈಗಲೇ ಬರುವುದು ಬೇಡ. ಕನ್ನಡದ ಹಿರಿಯರ ಮಾತನ್ನೇ ಕೇಳಿರದ ಯಂತ್ರ ಅವರ ಬುದ್ಧಿಯ ಬಗ್ಗೆ ತೀರ್ಪು ಕೊಡಬಾರದು.

ಅಗತ್ಯದ ಬಗ್ಗೆ ತಕರಾರಿಲ್ಲ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ (ಮರೆಗುಳಿತನ) ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ‘ಅರವತ್ತಕ್ಕೆ ಅರಳುಮರಳು’ ಎಂದು ನಾವು ತಳ್ಳಿಹಾಕಿದ್ದರಲ್ಲಿ ಎಷ್ಟೋ ನಿಜಕ್ಕೂ ಕಾಯಿಲೆಯಾಗಿತ್ತು.

ಆದರೆ ನಾವು ಮರೆಯಬಾರದ ಸಂಖ್ಯೆಯೊಂದಿದೆ: 156. ಮಾತಿನಿಂದ ಅಲ್ಝೈಮರ್ ಗುರುತಿಸುವ ತಂತ್ರಗಳಿಗೆ ಒರೆಗಲ್ಲಾದ 2020ರ ‘ಅಡ್ರೆಸ್’ ಸ್ಪರ್ಧೆಯಲ್ಲಿದ್ದದ್ದು ಇಷ್ಟೇ ಜನರ ದನಿ; 78 ರೋಗಿಗಳು, 78 ಆರೋಗ್ಯವಂತರು. ಎಲ್ಲವೂ 1980ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸಂಗ್ರಹಿಸಿದ ಇಂಗ್ಲಿಷ್ ಮಾತು. ಸಿಂಕಿನಿಂದ ನೀರು ಉಕ್ಕುತ್ತಿದೆ, ಹುಡುಗ ಸ್ಟೂಲ್ ಹತ್ತಿ ಬಿಸ್ಕತ್ತು ಕದಿಯುತ್ತಿದ್ದಾನೆ; ಈ ಒಂದು ಚಿತ್ರವನ್ನು ಅವರು ವರ್ಣಿಸಿದ್ದರು. ಶೇ 90ರ ಹತ್ತಿರದ ನಿಖರತೆ ಸಿಕ್ಕಿದ್ದು ಅವರಲ್ಲಿ 48 ಜನರ ಮೇಲೆ.

ಈ ಅಳತೆ ನಮಗೆ ಏಕೆ ಹೊಂದದು? ಹೆಸರುಗಳು ಮರೆತು ‘ಅವನು, ಅದು’ ಹೆಚ್ಚಾಗುವುದು ಇಂಗ್ಲಿಷಿನಲ್ಲಿ ರೋಗದ ಒಂದು ಸುಳಿವು. ಕನ್ನಡದಲ್ಲಿ ‘ಬಂದಳು’ ಎಂದರೆ ಸಾಕು, ಬಂದದ್ದು ಹೆಣ್ಣು ಎಂಬುದು ಕ್ರಿಯಾಪದದಲ್ಲೇ ಇದೆ; ‘ಅವಳು’ ಎನ್ನಬೇಕಿಲ್ಲ. ಸರ್ವನಾಮಗಳ ಎಣಿಕೆಯೇ ತಲೆಕೆಳಗಾಗುತ್ತದೆ. ಕೋಲಾರದ ಗಡಿಯಲ್ಲಿ ಒಂದೇ ಮಾತಿನಲ್ಲಿ ಕನ್ನಡ, ತೆಲುಗು ಎರಡೂ ಬೆರೆಯುತ್ತವೆ. ಅದನ್ನು ತಡವರಿಕೆ ಎಂದು ಯಂತ್ರ ಬಗೆದರೆ ಹೊಣೆ ಯಾರದು? ಇಇಜಿಗೆ ಭಾಷೆ ಬೇಡ, ನಿಜ. ಆದರೆ ರೋಗದ ಸುಳಿವೆನಿಸುವ ಮಿದುಳಿನ ಅಲೆಗಳ ನಿಧಾನಗತಿಗೆ ತೂಕಡಿಕೆ, ಕೆಲವು ಮಾತ್ರೆಗಳೂ ಕಾರಣವಾಗಬಲ್ಲವು.

ಸರಿಯಾದ ದಾರಿ ನಮ್ಮಲ್ಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತನ್ನ ನೆನಪಿನ ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಒಗ್ಗಿಸಿ, ಒರೆಗೆ ಹಚ್ಚಿತು. ಕಾಗದದ ಪರೀಕ್ಷೆಗೆ ಬೇಕಾದ ಎಚ್ಚರ ಯಂತ್ರಕ್ಕೆ ಬೇಡವೇ? ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಗ್ರಾಮೀಣರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೈಗೊಂಡಿದೆ. ಅಂಥದೇ ತಾಳ್ಮೆ ಕನ್ನಡದ ಹಿರಿಯರ ದನಿ ಸಂಗ್ರಹಕ್ಕೂ ಬೇಕು. ಬೀದರ್‌ನಿಂದ ಚಾಮರಾಜನಗರದವರೆಗೆ, ಓದು ಬಲ್ಲವರು, ಬಾರದವರು ಎಲ್ಲರನ್ನೂ ಅವರ ಒಪ್ಪಿಗೆ ಪಡೆದು ಮಾತನಾಡಿಸಬೇಕು. ಮುದ್ದೆ ತೊಳಸುವ ಬಗೆ, ಊರ ಜಾತ್ರೆ, ಮೊದಲ ಮಳೆಯ ಬಿತ್ತನೆ, ಹೀಗೆ ಅವರಿಗೆ ಗೊತ್ತಿರುವ ವಿಷಯಗಳೇ ಆ ಮಾತಿಗೆ ಎಳೆಯಾಗಲಿ.

ಸರ್ಕಾರ ಯಂತ್ರ ಖರೀದಿಗೆ ಮುನ್ನ ಈ ಕೆಲಸಕ್ಕೆ ಹಣ ಕೊಡಲಿ. ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದು ಒಂದಿದೆ: ಅಜ್ಜಿ ಮಾತಿನ ನಡುವೆ ಪದೇ ಪದೇ ಪದಕ್ಕಾಗಿ ತಡಕಾಡುತ್ತಿದ್ದರೆ, ವಯಸ್ಸಿನ ಮೇಲೆ ಹಾಕದೆ ವೈದ್ಯರ ಬಳಿ ಕರೆದೊಯ್ಯಿರಿ.